ಬೆಳ್ಳಂದೂರಿಗೆ ಬಂದ ಶಹಾಬಾದದ ಫಿಟ್ಟರ್

ಶಹಾಬಾದದಿಂದ ಬಂದ ಅಪ್ಪನನ್ನು ಬೆಂಗಳೂರಲ್ಲಿ ಮಾಲ್‌ಗೆ ಕರೆದರೆ ಕಾಲುನೋವು ಅಂತಾರೆ. ಊರಿನ ಸಿಮೆಂಟ್ ಕಾರ್ಖಾನೆ ಬಂದ್ ಆಗೋವರೆಗೂ ಫಿಟ್ಟರ್ ಆಗಿದ್ದವರು. ಹಾಗಾಗಿ ಈ ಸಲ ಎಚ್‌ಎಎಲ್ ಮ್ಯೂಸಿಯಂ ತೋರಿಸಿ, ಅಲ್ಲಿಂದ ಬೆಳ್ಳಂದೂರು ಕೆರೆಗೆ ಕರೆದೊಯ್ದೆ. 1940ರಲ್ಲಿ ಶುರುವಾದ ಎಚ್‌ಎಎಲ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರ ವಿಮಾನ ರಿಪೇರಿ ಡಿಪೋ ಆಗಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಬಂದು ಇಳಿಯುತ್ತಿದ್ದದ್ದು ಇದೇ ಕೆರೆಗೆ.

“ಸಮುದ್ರದಾಗ ಓಡಾಡಿದ್ದಲ್ಲೇನು? ಮದಲ ಉಪ್ಪು ತೊಳಿಬೇಕು. ಇಲ್ಲಂದ್ರ ಅಲ್ಯೂಮಿನಿಯಂ ತಿಂದ್ಬಿಡ್ತದ. ಸಿಹಿನೀರಿನ ಕೆರಿ, ಚಲೋ ಜಾಗ ಹುಡುಕ್ಯಾರ,” ಅಂದರು ಅಪ್ಪ.

ನಾನು ದಿನಾ ಕ್ಯಾಬ್‌ನಲ್ಲಿ ಮೂಗು ಮುಚ್ಚಿಕೊಂಡು ದಾಟುವ ಕೆರೆ ಇದು. 2015ರಲ್ಲಿ ಇದರ ನೊರೆಗೇ ಬೆಂಕಿ ಹತ್ತಿತ್ತು ಎಂದೆ. ಅಪ್ಪ ಬೇಲಿ ಹಿಡಿದು ಸುಮಾರು ಹೊತ್ತು ನಿಂತರು.

“ಕಾರ್ಖಾನಿ ಬಂದಾಗಿದ್ದು ನೋಡೀನಿ. ಕೆರಿ ಹ್ಯಾಂಗ ಬಂದಾಗ್ತದೋ ತಮ್ಮಾ?”