ಬಿಸಿಲು ನೋಡಿ ಹೊರಡಿ

ಡಿಸೆಂಬರಿನ ಎರಡನೇ ವಾರ, ಬೆಳಗಿನ ಏಳೂಕಾಲು. ಚಪ್ಪಲಿ ಕೈಯಲ್ಲಿ ಹಿಡಿದು ಗೋಕರ್ಣದ ಕುಡ್ಲೆ ಬೀಚಿನಲ್ಲಿ ನಿಂತಿದ್ದೀರಿ. ಸೂರ್ಯ ಹುಟ್ಟಿ ಅರ್ಧ ಗಂಟೆಯಾಗುತ್ತ ಬಂತು, ಇಲ್ಲಿಗಿನ್ನೂ ಬಂದಿಲ್ಲ. ಬೆನ್ನ ಹಿಂದಿನ ಗುಡ್ಡ ಅವನನ್ನು ತಡೆದಿದೆ. ಅಂಗಾಲಿಗೆ ಮರಳು ಚಳುಕು ಹುಟ್ಟಿಸುವಷ್ಟು ತಣ್ಣಗಿದೆ. ನಾಲ್ಕು ಹೆಜ್ಜೆ ಇಳಿದು ನೀರಿಗೆ ಕಾಲಿಟ್ಟರೆ ಅದು ಬೆಚ್ಚಗೆ! ಗಾಳಿ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಕಡಲು 28ರ ಹತ್ತಿರ ಇದೆ. ಗುಡ್ಡದ ಕಡೆಯಿಂದ ಒಣ ಗಾಳಿ ಮೆಲ್ಲಗೆ ಬೀಸುತ್ತಿದೆ, ಅಲೆಗಳು ಮೊಣಕಾಲಿಗಿಂತ ಮೇಲೇಳುತ್ತಿಲ್ಲ.

ಈಗ ದೂರಕ್ಕೆ ನೋಡಿ. ಪಶ್ಚಿಮ ಕರಾವಳಿಯಲ್ಲಿ ಬಿಸಿಲು ಬರುವುದು ಕಡಲ ಕಡೆಯಿಂದ. ಗುಡ್ಡದ ನೆರಳು ದಡವನ್ನೆಲ್ಲ ಮುಚ್ಚಿ ನೀರಿನ ಮೇಲೂ ಚಾಚಿಕೊಂಡಿದೆ. ಅದರಾಚೆ ದೋಣಿಯೊಂದು ಪೂರ್ತಿ ಬೆಳಕಿನಲ್ಲಿ ಹೊಳೆಯುತ್ತಿದೆ. ಸೂರ್ಯ ಮೇಲೇರಿದಂತೆ ನೆರಳಿನ ಅಂಚು ಅಲೆಗಳ ಮೇಲೆ ಹಿಂದೆ ಸರಿಯುತ್ತ ದಡಕ್ಕೆ ಬರುತ್ತದೆ, ಒದ್ದೆ ಮರಳು ಹತ್ತುತ್ತದೆ, ಕೊನೆಗೊಮ್ಮೆ ನಿಮ್ಮ ಪಾದ ಮುಟ್ಟುತ್ತದೆ. ಅಲ್ಲಿಯವರೆಗಿನ ಈ ಒಂದು ತಾಸು ನಡಿಗೆಗೆ ಹೇಳಿ ಮಾಡಿಸಿದ ಹೊತ್ತು. ಹೊರಡೋಣ.

ರಜೆ ಬಂತೆಂದರೆ ನಾವೆಲ್ಲ ಮೊದಲು ಕೇಳುವುದು ಎಲ್ಲಿಗೆ ಹೋಗೋಣ ಎಂದು. ಊರು ಗೊತ್ತಾದ ಮೇಲೆ ರಜೆ ಸಿಕ್ಕ ದಿನಕ್ಕೆ ಟಿಕೆಟ್ ಮಾಡಿಸುತ್ತೇವೆ. ಬಿಸಿಲು, ಬಯಲು, ಮೈ ದಣಿಯುವ ತಿರುಗಾಟ ಬೇಕೆನ್ನುವವರು ಇದನ್ನು ತಿರುವುಮುರುವು ಮಾಡಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೊದಲು ತಿಂಗಳು ನೋಡಿ, ಆ ತಿಂಗಳಲ್ಲಿ ಒಳ್ಳೆಯ ಬಿಸಿಲು ಎಲ್ಲಿದೆಯೆಂದು ನೋಡಿ, ಊರು ಆಮೇಲೆ. ಇದೇ ಕುಡ್ಲೆಗೆ ಜುಲೈನಲ್ಲಿ ಬಂದಿದ್ದರೆ ನಿಲ್ಲಲು ಇಷ್ಟು ದಡವೇ ಇರುತ್ತಿರಲಿಲ್ಲ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಆಗ ಕಡಲು ಮರಳನ್ನು ಎಳೆದೊಯ್ದು, ಮಳೆ ನಿಂತ ಮೇಲೆ ನಿಧಾನವಾಗಿ ತಂದು ಹಾಕುತ್ತದೆ. ಏಪ್ರಿಲ್ ಕೊನೆಗೆ ಬಂದಿದ್ದರೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ಗಾಳಿಯಲ್ಲಿ ಸೆಕೆ. ಡಿಸೆಂಬರಿನಲ್ಲಿ ಅದೇ ಸೂರ್ಯ ನಡುಮಧ್ಯಾಹ್ನಕ್ಕೂ ಸುಮಾರು 52 ಡಿಗ್ರಿಗಿಂತ ಮೇಲೇರದೆ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಮರಕ್ಕೂ ಬಂಡೆಗೂ ದಿನವಿಡೀ ಒಂದು ನೆರಳಿರುತ್ತದೆ. ಮೈಲಿಗಟ್ಟಲೆ ನಡೆಯುವವರಿಗೆ ಈ ವ್ಯತ್ಯಾಸವೇ ಎಲ್ಲಕ್ಕಿಂತ ದೊಡ್ಡದು.

ಕುಡ್ಲೆಯ ದಕ್ಷಿಣ ತುದಿಯಲ್ಲಿ ಕಾಲುದಾರಿ ಗುಡ್ಡ ಹತ್ತುತ್ತದೆ. ಕಾಲಡಿಯಲ್ಲಿ ಜಂಬಿಟ್ಟಿಗೆ, ತೂತುತೂತಾದ ಕೆಂಪು ಕಲ್ಲು. ಮಳೆಗಾಲದಲ್ಲಿ ಹಸಿರುಕ್ಕುವ ಬೇಣ ಈಗ ಒಣಗಿ ಹೊಂಬಣ್ಣಕ್ಕೆ ತಿರುಗಿದೆ, ನಡುನಡುವೆ ಗೇರು ಮರಗಳು. ಮೇಲೆ ಬಂದ ಕೂಡಲೇ ಬಿಸಿಲು ಮೈಗೆ ಬೀಳುತ್ತದೆ. ಬಲಕ್ಕೆ ಪ್ರಪಾತದಂಚಿನಲ್ಲಿ ಗರುಡವೊಂದು ರೆಕ್ಕೆ ಬಡಿಯದೆ ನಿಮ್ಮ ಕಣ್ಣಿನ ಮಟ್ಟಕ್ಕೆ ತೇಲಿ ಹೋಗುತ್ತದೆ, ಕಂದು ಬೆನ್ನು, ಬಿಳಿ ಕುತ್ತಿಗೆ ನಿಚ್ಚಳ. ದಾರಿ ಇಳಿದರೆ ಓಂ ಬೀಚ್: ನಡುವೆ ಬಂಡೆ, ಎರಡು ಪಕ್ಕಕ್ಕೆ ಎರಡು ಅರ್ಧವೃತ್ತದ ಮರಳು.

ಇಲ್ಲಿ ಒದ್ದೆ ಮರಳ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿ. ಮೆಣಸಿನ ಕಾಳಿನಷ್ಟು ಮರಳುಂಡೆಗಳು ಒಂದು ಸಣ್ಣ ತೂತಿನ ಸುತ್ತ ಸಾಲುಸಾಲಾಗಿ ಹರಡಿವೆ. ಅಲುಗಾಡದೆ ಕೂತರೆ ತೂತಿನಿಂದ ಉಗುರಿನಷ್ಟು ಚಿಕ್ಕ ಏಡಿ ಹೊರಬಂದು, ಮರಳನ್ನು ಬಾಯಿಗೆ ತುರುಕಿಕೊಂಡು, ಅದರೊಳಗಿನ ಆಹಾರವನ್ನು ಹೀರಿ, ಉಳಿದದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ತಳ್ಳುತ್ತದೆ. ನೀರು ಏರಿದಾಗ ಇವೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಉಂಡೆಗಳು ಹೀಗೆ ದಟ್ಟವಾಗಿವೆ ಎಂದರೆ ನೀರಿಳಿದು ಸಾಕಷ್ಟು ಹೊತ್ತಾಗಿದೆ, ಮತ್ತೆ ಏರುವ ಸಮಯ ಹತ್ತಿರವಿದೆ. ಮುಂದಿನ ದಾರಿ ಬಂಡೆಗಳ ಮೇಲಿನದು, ಇದನ್ನು ತಿಳಿದಿರುವುದು ಒಳ್ಳೆಯದು. ಭರತ, ಇಳಿತ ದಿನಕ್ಕೆ ಎರಡೆರಡು ಬಾರಿ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹಿಂದೆಮುಂದೆ ಜೋರು, ಅಷ್ಟಮಿಯ ಸುಮಾರಿಗೆ ಸಪ್ಪೆ. ಕರಾವಳಿಯ ಚಾರಣಕ್ಕೆ ಹೊರಡುವವರು ಫೋನಿನಲ್ಲಿ ಮಳೆ ಬರುತ್ತದೆಯೇ ಎಂದು ನೋಡುವ ಜೊತೆಗೆ ಪಂಚಾಂಗದ ತಿಥಿಯನ್ನೂ ನೋಡಬೇಕು.

ಈಜುವ ಆಸೆಯಾಗುತ್ತಿದೆಯೇ? ತಡೆಯಿರಿ, ಎರಡು ನಿಮಿಷ ನೀರನ್ನು ನೋಡುತ್ತ ನಿಲ್ಲಿ. ಎಡಕ್ಕೂ ಬಲಕ್ಕೂ ಅಲೆ ಒಡೆದು ನೊರೆಯಾಗುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಾಣುತ್ತದಲ್ಲ, ಅದೇ ಅಪಾಯದ ಜಾಗ. ದಡಕ್ಕೆ ಬಂದ ನೀರೆಲ್ಲ ಹಿಂದಿರುಗುವುದು ಆ ಹಾದಿಯಲ್ಲಿ. ಎಂಥ ಈಜುಗಾರನನ್ನೂ ಒಳಕ್ಕೆ ಸೆಳೆಯುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ದಡದ ಕಡೆಗೆ ಎದುರು ಈಜಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಪಟ್ಟಿಯಿಂದ ಹೊರಬಂದು, ಆಮೇಲೆ ಅಲೆಯ ಜೊತೆ ದಡ ಸೇರಬೇಕು. ಗೋಕರ್ಣದ ಕಡಲಲ್ಲಿ ಹರೆಯದ ಮಕ್ಕಳು ಮುಳುಗಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಜೀವರಕ್ಷಕರು ಬೇಡವೆಂದ ಕಡೆ ನೀರಿಗಿಳಿಯಬೇಡಿ, ಕತ್ತಲಾದ ಮೇಲೆ ಎಲ್ಲಿಯೂ ಇಳಿಯಬೇಡಿ.

ಹತ್ತು ಗಂಟೆ. ಬಾಟಲಿ ತುಂಬಿಸಿಕೊಳ್ಳಿ, ಒಬ್ಬರಿಗೆ ಮೂರು ಲೀಟರ್ ಇರಲಿ. ಓಂ ಬಿಟ್ಟ ಮೇಲೆ ಅಂಗಡಿ ಸಿಗುತ್ತದೆಂದು ನಂಬಿಕೊಳ್ಳುವಂತಿಲ್ಲ. ಹಾಫ್ ಮೂನ್ ಬೀಚಿಗೆ ಹೋಗುವ ದಾರಿ ಗುಡ್ಡದ ಸೊಂಟ ಬಳಸಿ ಸಾಗುತ್ತದೆ. ಒಂದು ಕಡೆ ಅಂಚು ಕಡಿದಾಗಿದೆ, ಕೆಳಗೆ ಕಪ್ಪು ಬಂಡೆಗಳ ಸಂದಿಗೆ ನೀರು ನುಗ್ಗಿ ಹಿಂದೆ ಸರಿಯುವ ಸದ್ದು. ಜಂಬಿಟ್ಟಿಗೆಯ ಪುಡಿಗಲ್ಲು ಕಾಲಡಿ ಉರುಳುತ್ತದೆ. ಕೈಯಲ್ಲಿ ಫೋನ್ ಬೇಡ, ಎರಡೂ ಕೈ ಖಾಲಿ ಇರಲಿ. ಕಪ್ಪು ಬಂಡೆ ಒಣಗಿದ್ದಾಗ ಗಟ್ಟಿ ಹಿಡಿತ ಕೊಡುತ್ತದೆ, ಹಸಿರು ಪಾಚಿ ಕಂಡಲ್ಲಿ ಮಾತ್ರ ಕಾಲಿಡಬೇಡಿ. ದಾರಿಯ ಈ ತುಂಡು ದಾಟುವಾಗ ಮಾತು ತಾನಾಗಿ ನಿಲ್ಲುತ್ತದೆ. ದಾಟಿ ಹಾಫ್ ಮೂನಿನ ಪುಟ್ಟ ದಡಕ್ಕೆ ಹಾರಿದಾಗ ಎಲ್ಲರೂ ಒಟ್ಟಿಗೆ ನಗುತ್ತೀರಿ.

ಅಲ್ಲಿಂದ ಪ್ಯಾರಡೈಸ್ ಬೀಚಿಗೆ ಹತ್ತಿ ಇಳಿಯುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಬೆಳಗಿನಿಂದ ಬೆನ್ನಿಗೆ ಬೀಸುತ್ತಿದ್ದ ನೆಲಗಾಳಿ ನಿಂತು, ಒಂದಿಷ್ಟು ಹೊತ್ತು ಏನೂ ಅಲುಗದೆ, ಆಮೇಲೆ ಕಡಲಿನಿಂದ ತಂಪು ಮುಖಕ್ಕೆ ತಾಗುತ್ತದೆ. ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಸರ್ಫಿಂಗ್ ಕಲಿಯುವವರೂ ಕಯಾಕ್ ಹುಟ್ಟು ಹಾಕುವವರೂ ಬೆಳಗಿನ ಹೊತ್ತೇ ಬೇಕೆನ್ನುವುದು ಇದಕ್ಕೇ. ಮಧ್ಯಾಹ್ನದ ಮೇಲೆ ನೀರು ಕದಡುತ್ತದೆ, ನಡೆಯುವವರಿಗೆ ಆ ಗಾಳಿಯೇ ಆಸರೆ.

ನೆರಳಲ್ಲಿ ಕೂತು ಕಟ್ಟಿಕೊಂಡು ಬಂದದ್ದನ್ನು ಉಣ್ಣುವಾಗ ಜೊತೆಯವರಲ್ಲಿ ಯಾರಾದರೂ ಮುಂದಿನ ರಜೆಯ ಮಾತು ತೆಗೆಯುತ್ತಾರೆ. ಮಕ್ಕಳಿಗೆ ಬೇಸಿಗೆಯಲ್ಲಷ್ಟೇ ರಜೆ ಎನ್ನುವವರಿಗೆ ಈ ದಂಡೆಯನ್ನು ನಾನು ಹೇಳುವುದಿಲ್ಲ, ಮೇ ತಿಂಗಳಿಗೆ ಎತ್ತರ ಬೇಕು. ಜುಲೈ, ಆಗಸ್ಟಿನಲ್ಲಿ ಬಿಸಿಲಿಗೆ ಹಂಬಲಿಸುವವರು ಹಿಮಾಲಯವನ್ನೇ ದಾಟಬೇಕು: ಮುಂಗಾರಿನ ಮೋಡಗಳನ್ನು ಬೆಟ್ಟಗಳು ತಡೆಯುವುದರಿಂದ ಲಡಾಖಿನಲ್ಲೂ ಸ್ಪಿತಿಯಲ್ಲೂ ಆಗ ನೀಲಿ ಆಕಾಶ. ಆದರೆ ಲೇಹ್ ಇರುವುದು 3500 ಮೀಟರ್ ಎತ್ತರದಲ್ಲಿ. ವಿಮಾನದಿಂದಿಳಿದ ಮೊದಲೆರಡು ದಿನ ಸುಮ್ಮನೆ ವಿಶ್ರಾಂತಿ ಪಡೆಯದಿದ್ದರೆ ತಲೆನೋವು, ವಾಂತಿ ಶುರುವಾಗಬಹುದು. ಅಲ್ಲಿನ ತಂಪು ಬಿಸಿಲು ಕರಾವಳಿಯ ಸುಡುಬಿಸಿಲಿಗಿಂತ ಬೇಗ ಚರ್ಮ ಸುಡುತ್ತದೆ. ಚಳಿಗಾಲಕ್ಕಾದರೆ ನಮ್ಮಲ್ಲೇ ಬಾದಾಮಿ ಇದೆ. ಅಲ್ಲಿನ ಕೆಂಪು ಮರಳುಗಲ್ಲನ್ನು ಹತ್ತುವವರು ಚಳಿಗಾಲ ಹುಡುಕಿಕೊಂಡು ಬರುತ್ತಾರೆ, ಬಂದ ಮೇಲೂ ನೆರಳಿರುವ ಗೋಡೆಯನ್ನು ಆರಿಸುತ್ತಾರೆ. ಬಂಡೆ ಕಾದರೆ ಬೆರಳು ಬೆವರಿ ಜಾರುತ್ತದೆ. ಬಿಸಿಲಿನ ಊರಿಗೆ ಹೋಗಿ ನೆರಳನ್ನು ಲೆಕ್ಕ ಹಾಕುವ ಆ ಜಾಣತನ ನನಗೆ ಬಹಳ ಇಷ್ಟ.

ಚಳಿಗಾಲದಲ್ಲೇ ಆದರೂ ಗೋಕರ್ಣಕ್ಕೆ ಯಾವಾಗ ಬರಬೇಕು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕಾಲಿಡಲು ಜಾಗವಿಲ್ಲ. ಶಿವರಾತ್ರಿಗೆ ಮಹಾಬಲೇಶ್ವರನ ತೇರು, ಊರು ತುಂಬಿರುತ್ತದೆ. ತೇರು ನೋಡಲೆಂದೇ ಬರುವುದಾದರೆ ಸರಿ, ನಡೆಯುವುದಕ್ಕಲ್ಲ. ಡಿಸೆಂಬರಿನ ಮೊದಲ ಹದಿನೈದು ದಿನ, ಇಲ್ಲವೇ ಸಂಕ್ರಾಂತಿ ಮುಗಿದ ಮೇಲಿನ ವಾರದ ನಡುವಿನ ದಿನಗಳು ಒಳ್ಳೆಯವು.

ಪ್ಯಾರಡೈಸಿನಿಂದ ಬೆಲೆಕಾನ ಹಾದು ತದಡಿಗೆ ಬರುವಾಗ ಕಡಲ ವಾಸನೆ ಬದಲಾಗುತ್ತದೆ. ಮೀನು, ಡೀಸೆಲ್, ಒಣಗಲು ಹಾಕಿದ ಬಲೆ. ಇಲ್ಲಿ ಅಘನಾಶಿನಿ ಸಮುದ್ರ ಸೇರುತ್ತದೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ಹರಿದು ಬಂದ ನದಿ ಇದು. ಇದರ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಸಿಹಿನೀರೂ ಉಪ್ಪುನೀರೂ ಬೆರೆಯುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಇಳಿತದ ಹೊತ್ತಿಗೆ ಸೊಂಟದುದ್ದ ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಪಾತಿಗಳು. ಪಾತಿಗೆ ಕಟ್ಟಿದ ನೀರನ್ನು ಬಿಸಿಲೂ ಒಣಗಾಳಿಯೂ ಸೇರಿ ಹೀರಬೇಕು, ತಳದಲ್ಲಿ ಹರಳು ಕಟ್ಟಬೇಕು. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಕೂಡಿದ್ದು ಕರಗಿಹೋಗುತ್ತದೆ. ನಿಮಗೆ ರಜೆಯಾದ ಈ ಬಿಸಿಲು ಇಲ್ಲಿನವರಿಗೆ ದುಡಿಮೆ.

ಹೊಳೆ ದಾಟಿಸುವ ದೋಣಿ ತುಂಬಲು ಕಾಯಬೇಕು. ಎರಡು ಬೈಕು, ಮೀನಿನ ಬುಟ್ಟಿ ಹಿಡಿದ ಹೆಂಗಸರು, ಶಾಲೆ ಬಿಟ್ಟ ಹುಡುಗನೊಬ್ಬ, ನೀವು.

"ಗೋಕರ್ಣದಿಂದ ನಡದೇ ಬಂದದ್ರಾ?" ಬುಟ್ಟಿ ಸರಿಸಿ ಜಾಗ ಕೊಡುತ್ತ ಒಬ್ಬಾಕೆ ಕೇಳುತ್ತಾಳೆ.

"ಹೌದಕ್ಕ, ಬೆಳಿಗ್ಗೆ ಕುಡ್ಲೆಯಿಂದ ಹೊರಟ್ವಿ."

"ಈಗಾಯ್ತು ಅಡ್ಡಿಲ್ಲ. ಮಳೆಗಾಲಕ್ಕೆ ಮಾತ್ರ ಬರಬೇಡಿ ಮಾರಾಯ್ರೆ, ಹೊಳೆ ಬೇರೆಯೇ ಇರ್ತದೆ."

ಎಂಜಿನ್ ಗುಡುಗುಟ್ಟುತ್ತದೆ. ಭರತ ಏರುತ್ತಿದೆ, ಕಡಲ ನೀರು ಅಳಿವೆಯೊಳಕ್ಕೆ ನುಗ್ಗುವುದು ದೋಣಿ ಪಕ್ಕಕ್ಕೆ ಎಳೆಯುವುದರಿಂದಲೇ ಗೊತ್ತಾಗುತ್ತದೆ. ನಡೆಸುವವನು ದಡಕ್ಕೆ ನೇರ ಹಿಡಿಯದೆ ಓರೆಯಾಗಿ ಗುರಿಯಿಟ್ಟಿದ್ದಾನೆ. ಸ್ವಲ್ಪ ಹೊತ್ತಿಗೆ ಆಚೆ ದಡದ ಅಘನಾಶಿನಿ ಊರು. ಅಲ್ಲಿಂದ ಬಾಡದ ಕಡೆಗೆ ಕೊನೆಯ ನಡಿಗೆ. ಈಗ ಸೂರ್ಯ ನಿಮ್ಮ ಮುಂದೆ, ಬಲಗಡೆಗೆ. ಈ ಹೊತ್ತಿನ ಓರೆ ಬಿಸಿಲು ಮುಖಕ್ಕೇ ಬೀಳುತ್ತದೆ, ಟೊಪ್ಪಿ ಮುಂದಕ್ಕೆಳೆದುಕೊಳ್ಳಿ. ಬಾಡದ ಉದ್ದನೆಯ ದಡ ಸಿಕ್ಕಾಗ ಐದು ಗಂಟೆ. ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ನೇರ ಪಶ್ಚಿಮದಲ್ಲಲ್ಲ, ಸಾಕಷ್ಟು ಎಡಕ್ಕೆ, ನೈಋತ್ಯದ ಕಡೆ. ನಿಲ್ಲುವ ಜಾಗ ಆರಿಸುವಾಗ ಇದು ನೆನಪಿರಲಿ: ಎಡಕ್ಕೆ ಗುಡ್ಡವಿದ್ದರೆ ಸೂರ್ಯ ಅದರ ಹಿಂದೆ ಮರೆಯಾದಾನು.

ಕತ್ತಲಾದ ಮೇಲೆ ಕುಮಟಾಕ್ಕೆ ಹೋಗಿ ದಕ್ಷಿಣದ ಬಸ್ಸು ಹಿಡಿದರೆ ರಾತ್ರಿಯೂಟಕ್ಕೆ ಮುರ್ಡೇಶ್ವರ ಸೇರಬಹುದು. ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗಿಗೆ ಕರೆದೊಯ್ಯುವ ದೋಣಿಗಳು ಅಲ್ಲಿಂದ ಹೊರಡುತ್ತವೆ, ಕಡಲಗಾಳಿ ಏಳುವ ಮೊದಲೇ, ಬೆಳಿಗ್ಗೆ. ಮಳೆಗಾಲದಲ್ಲಿ ಅವೂ ಬಂದ್. ಈ ತಿಂಗಳಲ್ಲಾದರೆ ನೀರು ತಿಳಿಯಾಗಿ, ಸೂರ್ಯನ ಬೆಳಕು ಹವಳದವರೆಗೂ ಇಳಿಯುತ್ತದೆ. ಕಾಲು ನೋಯುತ್ತಿದ್ದರೂ ಇವತ್ತೇ ಹೊರಡಿ.