ನಕಾರವಾದ ಪೌಂಡ್ ಚಿಹ್ನೆ

ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನರ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಕೊನೆಗೆ ಪುನಃ ಆ ‘ಎ’. ಈ ಏಳು ಚಿಹ್ನೆಗಳ ಸಾಲನ್ನು ‘ಕನ್ನಡ’ ಎಂದು ಸರಾಗವಾಗಿ ಓದಬಲ್ಲ ಲಿಪಿತಜ್ಞರ ಕೊನೆಯ ತಲೆಮಾರು ನಮ್ಮದು. ಓರೆಗೆರೆಯ ‘ಎ’ ನಮಗೆ ತಲೆಕಟ್ಟು. ಜರ್ಮನ್ ಅಕ್ಷರವು ನಕಾರದ ಒತ್ತು.

‘ಬರಹ’, ‘ನುಡಿ’ ತಂತ್ರಾಂಶಗಳು ಮನೆಮನೆಗೆ ಬಂದ ಕಾಲವದು. ಯೂನಿಕೋಡ್ 1991ರಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ಥಾನ ಕೊಟ್ಟಿದ್ದರೂ ಆ ಭಾಗ್ಯ ನಮ್ಮ ಮೇಜಿನವರೆಗೆ ಬರಲು ದಶಕಕ್ಕೂ ಮಿಕ್ಕಿ ಹಿಡಿಯಿತು. ಅಲ್ಲಿಯವರೆಗೆ ಗಣಕದೊಳಗೆ ಇದ್ದದ್ದು ರೋಮನ್ ಚಿಹ್ನೆಗಳೇ; ಅವುಗಳಿಗೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ಫಾಂಟು. ಪ್ರಬಂಧವೊಂದನ್ನು ಮಿಂಚಂಚೆಯಲ್ಲಿ ಕಳುಹಿಸಿದರೆ, ಆ ಫಾಂಟಿಲ್ಲದ ಊರಿನಲ್ಲಿ ವೇಷ ಕಳಚಿಬೀಳುತ್ತಿತ್ತು. ಆದುದರಿಂದ ಫಾಂಟನ್ನೂ ಜೊತೆಗೇ ಕಳುಹಿಸುತ್ತಿದ್ದೆವು, ಹೆಣ್ಣಿನೊಡನೆ ಪಾತ್ರೆಪಗಡ ಕಳುಹಿಸಿದಂತೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತಾದರೂ ನಮ್ಮ ಮನೆಗೆ ಅದು ಬಂದದ್ದು ಹೊಸ ಶತಮಾನದಲ್ಲಿ, ಫೋನಿನ ತಂತಿಯ ಮೂಲಕ. ಮೋಡೆಮ್ಮಿನ ಆ ಕೀರಲು ದನಿ ಮುಗಿಯುವವರೆಗೆ ಮನೆಮಂದಿ ಮಾತಾಡುತ್ತಿರಲಿಲ್ಲ. ‘ಇಂಟರ್‌ನೆಟ್ಟಿಗೆ ಹೋಗಿ ಬರುತ್ತೇನೆ’ ಎನ್ನುತ್ತಿದ್ದೆವು, ಸಂತೆಗೆ ಹೋಗಿಬರುವವರಂತೆ. ಈಗಿನ ವಿದ್ಯಾರ್ಥಿಗಳಿಗೆ ಈ ಕ್ರಿಯಾಪದವೇ ಅರ್ಥವಾಗುವುದಿಲ್ಲ, ಹೊರಗಿದ್ದವರಷ್ಟೇ ಹೋಗಬಲ್ಲರಲ್ಲವೆ?

ಕಾಗದದ ನೆತ್ತಿಯಲ್ಲಿ ‘ಶ್ರೀ ವೀತರಾಗಾಯ ನಮಃ’ ಎಂದು ಬರೆಯದೆ ಅಪ್ಪ ಯಾರಿಗೂ ಪತ್ರ ಹಾಕಿದವರಲ್ಲ. ಮೊದಲ ಮಿಂಚಂಚೆಯನ್ನು ಹೇಳಿ ಬರೆಸುವಾಗಲೂ ಅಲ್ಲಿಂದಲೇ ತೊಡಗಿದರು. ನಾನು ಅದನ್ನು ರೋಮನ್ ಅಕ್ಷರಗಳಲ್ಲಿ ಒತ್ತಿದ್ದನ್ನು ಕನ್ನಡಕ ಏರಿಸಿ ನೋಡಿ, “ಇರಲಿ, ವೀತರಾಗನಿಗೆ ಲಿಪಿಯ ಮೇಲೆ ಮಾತ್ರ ರಾಗ ಇರುತ್ತದೆಯೇ?” ಎಂದರು. ಗಣಕ ಹೊತ್ತಿಸಿದೊಡನೆ ಫೋನು ಸಾಯುತ್ತದೆಂಬುದು ಮಾತ್ರ ಅವರ ದೃಢ ಸಮ್ಯಗ್ದರ್ಶನ. ಜಾಲಕ್ಕೆ ಸಂಪರ್ಕವಿಲ್ಲದಾಗಲೂ ಆ ನಂಬಿಕೆ ಅಲುಗಲಿಲ್ಲ.

2001ರಲ್ಲಿ ಅವರು ತಮ್ಮ ಬಾಲ್ಯದ ನೆನಪುಗಳನ್ನು ಹೇಳಿ ಬರೆಸಿದರು: 1940ರ ಮಹಾಮಸ್ತಕಾಭಿಷೇಕಕ್ಕೆ ಎತ್ತಿನ ಗಾಡಿಯಲ್ಲಿ ಶ್ರವಣಬೆಳಗೊಳಕ್ಕೆ ಹೋದದ್ದು, ದಾರಿಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಲು ಹೆಂಗಸರು ಪಟ್ಟ ಪಾಡು, ವಿಂಧ್ಯಗಿರಿಯ ಮೆಟ್ಟಿಲುಗಳಲ್ಲಿ ಅಜ್ಜಿಯ ಕೈ ತಪ್ಪಿದ್ದು. ಅಪ್ಪ ಈಗಿಲ್ಲ. ಕಳೆದ ವರ್ಷ ಆ ಕಡತವನ್ನು ತೆರೆದಾಗ ಪರದೆಯ ತುಂಬ ಯುರೋಪಿನ ಅಕ್ಷರಗಳು. ಮೂಡುಬಿದಿರೆಯ ಧವಲಾ ತಾಳೆಗರಿಗಳ ಹಳಗನ್ನಡ ಲಿಪಿಯನ್ನು ಎಂಟು ಶತಮಾನಗಳ ಮೇಲೂ ಓದುವವರಿದ್ದಾರೆ, ಇಲ್ಲಿ ಇಪ್ಪತ್ತು ಚಿಲ್ಲರೆ ವರ್ಷಕ್ಕೇ ಮಗಳು, “ಇದು ಯಾವ ಭಾಷೆ ಅಪ್ಪಾ?” ಎಂದಳು.

ಪರಿವರ್ತಕ ತಂತ್ರಾಂಶವು ಬಹುಪಾಲನ್ನು ಉಳಿಸಿಕೊಟ್ಟಿತು. ಅರ್ಕಾವತ್ತಿನಲ್ಲಿ ಮಾತ್ರ ಎಡವಿತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ನಾಲಗೆ ನುಡಿವಂತೆ ರಕಾರ ಮುಂದಕ್ಕೆ ಬರಬೇಕು. ಹೀಗಾಗಿ ಕೆಲವೆಡೆ ತೀರ್ಥವೂ ಧರ್ಮವೂ ಮುರಿದು ಬಿದ್ದವು. ಅಂಥ ಕಡೆಗಳಲ್ಲಿ ನಾನು ಮೂಲದ ಚಿಹ್ನೆಗಳನ್ನು ಗಟ್ಟಿಯಾಗಿ ಓದಿದೆ, ಮಗಳು ತನ್ನ ಫೋನಿಗೆ ಅದನ್ನೇ ನುಡಿದಳು, ಫೋನು ಬರೆದುಕೊಂಡಿತು. ಪಾಠಾಂತರದ ಜಗಳಗಳೂ ನಡೆದವು. ಅಜ್ಜನ ಆಡುಮಾತನ್ನು ಫೋನು ಶಿಷ್ಟಗನ್ನಡಕ್ಕೆ ತಿದ್ದಿದಾಗಲೆಲ್ಲ ನಾನು ಗ್ರಂಥಸಂಪಾದಕನಾಗಿ ಅಡ್ಡ ನಿಂತೆ.

ಹೇಳಿದ್ದನ್ನು ಹೇಳಿದಂತೆಯೇ ಬರೆಯುವುದು ಲಿಪಿಕಾರನ ಧರ್ಮವೆಂದು ಅಂದು ನಾನು ಅಪ್ಪನ ಪ್ರತಿಯೊಂದು ಮಾತನ್ನೂ ಒತ್ತುತ್ತ ಹೋಗಿದ್ದೆ. ಆದ್ದರಿಂದ ಕಡತದ ಕೊನೆಯ ಸಾಲಿನಲ್ಲಿ ಬೆಳಗೊಳವೂ ಇಲ್ಲ, ಗೊಮ್ಮಟನೂ ಇಲ್ಲ. ಮಗಳು ಅದನ್ನು ಓದಿ ನಕ್ಕಳು, ಮತ್ತೊಮ್ಮೆ ಓದಿದಳು: “ಇವತ್ತಿಗೆ ಇಷ್ಟು ಸಾಕು. ಆ ಪೆಟ್ಟಿಗೆ ಮುಚ್ಚು ಮಾರಾಯ, ಯಾರಾದರೂ ಫೋನು ಮಾಡುತ್ತಿರುತ್ತಾರೆ.”