ಚಿಕ್ಕ ಜೆಟ್ಟಿನ ದೊಡ್ಡಸ್ತಿಕೆ

ಮೋಟಾರ್‌ಸೈಕಲ್ಲಿನ ಮಾತು ಬಂದಿತೆಂದರೆ ನಮ್ಮ ತರುಣ ಮಿತ್ರರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಓಡುತ್ತದೆ?" ಅದು ಎಷ್ಟು ನೆಮ್ಮದಿಯಾಗಿ ಹೊರಡುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆದರೆ ವಿಚಾರ ಮಾಡಿ ನೋಡಿದರೆ, ನೂರು ಕಿಲೋಮೀಟರ್ ವೇಗದಲ್ಲಿ ನಾವು ಕಳೆಯುವುದು ವರ್ಷಕ್ಕೆ ಕೆಲವೇ ನಿಮಿಷ. ಮಿಕ್ಕ ಕಾಲವೆಲ್ಲ ಸಂತೆಯ ಜನದ ನಡುವೆ, ದನಗಳ ಹಿಂದೆ, ರಸ್ತೆಯುಬ್ಬಿನ ಮೇಲೆ, ಕೂಡುರಸ್ತೆಯ ಬಾಯಲ್ಲಿ ಸವೆಯುತ್ತದೆ. ಈ ತತ್ತ್ವವನ್ನು ನನಗೆ ಬೋಧಿಸಿದ ಗುರು ನಮ್ಮ ಮನೆಯ ಹಳೆಯ ಯಮಹಾ ಆರ್‌ಎಕ್ಸ್ 100.

ಮೊದಲು ಅದರ ಕುಲಗೋತ್ರವನ್ನು ಹೇಳಿಬಿಡುತ್ತೇನೆ. 1985ರಲ್ಲಿ ಭಾರತದ ರಸ್ತೆಗಿಳಿದು 1996ರಲ್ಲಿ ತಯಾರಿಕೆ ನಿಂತ ಗಾಡಿ ಅದು. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, 11 ಅಶ್ವಶಕ್ತಿ. ಅಣ್ಣ ಅದನ್ನು ಕೊಂಡದ್ದು ಒಬ್ಬ ರಸಿಕರಿಂದ. ಆ ಮಹನೀಯರು ಮೂಲದ ಸೈಲೆನ್ಸರನ್ನು ಕಿತ್ತು, ಬಸುರಿ ಹಾವಿನಂತೆ ನಡು ಉಬ್ಬಿದ ಎಕ್ಸ್‌ಪ್ಯಾನ್ಷನ್ ಚೇಂಬರನ್ನು ಹಾಕಿಸಿದ್ದರು. ಏರ್ ಫಿಲ್ಟರಿನ ಪೆಟ್ಟಿಗೆಯನ್ನು ತೆಗೆದೆಸೆದು ಬಯಲು ಫಿಲ್ಟರೊಂದನ್ನು ಸಿಕ್ಕಿಸಿದ್ದರು. 20 ಮಿಲಿಮೀಟರ್ ಬಾಯಿಯ ಕಾರ್ಬುರೇಟರಿನ ಜಾಗದಲ್ಲಿ 26 ಮಿಲಿಮೀಟರಿನದನ್ನು ಕೂರಿಸಿದ್ದರು. ಫಲವಾಗಿ ಗಾಡಿ ನಿಮಿಷಕ್ಕೆ 6,000 ಸುತ್ತು ದಾಟಿದರೆ ಹುಚ್ಚು ಕುದುರೆ; ಅದಕ್ಕೆ ಕೆಳಗೆ ನಿದ್ದೆಗಣ್ಣಿನ ಎತ್ತು. ಆಕ್ಸಿಲರೇಟರ್ ತಿರುವಿದರೆ "ಬೊಹ್" ಎಂದು ನಿಟ್ಟುಸಿರು ಬಿಟ್ಟು, ಕೊಂಚ ಹೊತ್ತು ಯೋಚನೆ ಮಾಡಿ, ಇಷ್ಟವಿದ್ದರೆ ಮುಂದಕ್ಕೆ ಹೋಗುತ್ತಿತ್ತು.

ಅಣ್ಣ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಈ ಆಸ್ತಿ ನನ್ನ ಪಾಲಿಗೆ ಬಂದಿತು. ತಿಂಗಳಿಗೊಮ್ಮೆ ಅಮ್ಮನನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಕರ್ತವ್ಯ. ಚೀಟಿ ಕೊಡುವುದು ಎಂಟು ಗಂಟೆಗೆ. ನಮ್ಮೂರ ಬಳಿ ಬಸ್ಸು ನಿಲ್ಲುವುದು ಒಂಬತ್ತೂವರೆಗೆ. ಊರಿನಿಂದ ಹಾಸನ–ಬೇಲೂರು ರಸ್ತೆಗೆ ಸೇರಲು ಕೆರೆಯ ಏರಿಯ ಪಕ್ಕದ ಏರನ್ನು ಹತ್ತಬೇಕು. ಒಂದು ಬೆಳಗ್ಗೆ ಬಲಗಡೆ ದೂರದಲ್ಲಿ ಬಸ್ಸೊಂದು ಕಾಣಿಸಿತು; ದಾಟಲು ಬೇಕಾದಷ್ಟು ವ್ಯವಧಾನವಿತ್ತು. ಹೊರಟೆವು. ನಡುರಸ್ತೆಯಲ್ಲಿ ಗಾಡಿ ತನ್ನ ನಿಟ್ಟುಸಿರನ್ನು ಬಿಟ್ಟು ನಿಂತೇಬಿಟ್ಟಿತು. ಬಸ್ಸು ಕಿರುಗುಟ್ಟಿ ಮೂರು ಮಾರು ಅಂತರದಲ್ಲಿ ನಿಂತಿತು. ಡ್ರೈವರ್ ಮಹಾಶಯರು ಆಡಿದ ಮಾತನ್ನು ಸಂಪಾದಕರು ಅಚ್ಚು ಹಾಕಲಾರರು. ಅಮ್ಮ ಮಾತ್ರ ಕೆಳಗಿಳಿದು ಸೆರಗು ಸರಿಪಡಿಸಿಕೊಂಡು, "ಇನ್ನು ಇದ್ರ ಮೇಲೆ ನಾನು ಕೂರಲ್ಲ ಕಣಪ್ಪ" ಎಂದಳು. ಅಣ್ಣನಿಗೆ ಫೋನು ಮಾಡಿದರೆ, "ಹಾಗಾದ್ರೆ ಮಾರಿಬಿಡೋ" ಎಂದು ಹೇಳಿ ಸುಮ್ಮನಾದ. ಅವನ ದನಿಯಲ್ಲಿದ್ದ ಸಂಕಟ ನನಗೆ ತಿಳಿಯದೆ ಇರಲಿಲ್ಲ.

ಉಪದೇಶಕ್ಕೇನೂ ಬರಗಾಲವಿರಲಿಲ್ಲ. ಬಂದವರೆಲ್ಲ "ಮೇನ್ ಜೆಟ್ ದೊಡ್ಡದು ಹಾಕಿಸು" ಎಂದರು. ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಮಾತ್ರ, "ತಮ್ಮಾ, ಕಾಯಿಲೆ ಎಲ್ಲೈತೆ ಅಂತ ಮೊದ್ಲು ನೋಡಾಣ" ಎಂದು, ಹ್ಯಾಂಡಲಿನ ಹಿಡಿಯ ಮೇಲೆ ಬಿಳಿ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದರು. ಕಾರ್ಬುರೇಟರಿನಲ್ಲಿ ಕೆಲಸ ಹಂಚಿಹೋಗಿರುತ್ತದೆ. ಹಿಡಿ ಮುಚ್ಚಿರುವಾಗಿನಿಂದ ಸುಮಾರು ಎಂಟನೆಯ ಒಂದು ಭಾಗದವರೆಗೆ ಪೈಲಟ್ ಜೆಟ್ಟಿನ ಆಡಳಿತ. ಕಾಲುಭಾಗದವರೆಗೆ ಸ್ಲೈಡಿನ ಕೆಳ ಅಂಚಿನ ಕೊರೆತದ್ದೂ ಪಾಲಿದೆ. ಅಲ್ಲಿಂದ ಮುಕ್ಕಾಲಿನವರೆಗೆ ಸೂಜಿ. ಅನಂತರವೇ ಮೇನ್ ಜೆಟ್ಟಿನ ದರ್ಬಾರು. ನಮ್ಮ ಗಾಡಿ ಮುಗ್ಗರಿಸುತ್ತಿದ್ದುದು ಮೊದಲ ಗೆರೆಯ ಒಳಗೇ. ಮೇನ್ ಜೆಟ್ಟು ನಿರಪರಾಧಿ!

ಮೇಸ್ತ್ರಿಗಳು ಮೊದಲು ಕಾರ್ಬುರೇಟರ್ ಮತ್ತು ಎಂಜಿನ್ನಿನ ನಡುವಣ ರಬ್ಬರ್ ಕೀಲಿಗೆ ಗ್ರೀಸು ಸವರಿ, ಎಲ್ಲಿಯೂ ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡರು. ರೀಡ್ ವಾಲ್ವಿನ ಎಸಳುಗಳನ್ನು ಬಿಚ್ಚಿ ನೋಡಿದರು, ಮುಕ್ಕಾಗಿರಲಿಲ್ಲ. ಆಮೇಲೆ ಚೋಕನ್ನು ತುಸು ಎಳೆದು ಓಡಿಸಿ ನೋಡೆಂದರು. ಆಶ್ಚರ್ಯ! ನಿಟ್ಟುಸಿರು ಅರ್ಧದಷ್ಟು ಕಡಮೆಯಾಯಿತು. ಅಂದಮೇಲೆ ಬೇನೆ ಪೆಟ್ರೋಲಿನ ಕೊರತೆಯೇ.

ಇದಕ್ಕೆ ಕಾರಣವನ್ನು 1797ರಲ್ಲಿ ಇಟಲಿಯ ವೆಂಚುರಿ ಬರೆದಿಟ್ಟಿದ್ದಾನೆ. ಇಕ್ಕಟ್ಟಿನಲ್ಲಿ ಹರಿವು ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ; ಆ ಇಳಿತವೇ ಪೆಟ್ರೋಲನ್ನು ಮೇಲಕ್ಕೆ ಹೀರುವುದು. ಬಾಯಿಯನ್ನು 20ರಿಂದ 26 ಮಿಲಿಮೀಟರಿಗೆ ಹಿಗ್ಗಿಸಿದರೆ ವಿಸ್ತೀರ್ಣ 400ಕ್ಕೆ 676ರ ಪ್ರಮಾಣದಲ್ಲಿ ಹೆಚ್ಚುತ್ತದೆ. ಅಷ್ಟೇ ಗಾಳಿ ಹಾದರೆ ಅದರ ವೇಗ ಮೊದಲಿನ ಶೇಕಡಾ 60ರಷ್ಟಕ್ಕೆ ಇಳಿಯುತ್ತದೆ. ಹೊಳೆ ಅಗಲವಾದಲ್ಲಿ ನೀರು ಮಂದವಾದಂತೆ. ಬಯಲು ಫಿಲ್ಟರು ಬಂದು ಹೀರುವ ಬಲವನ್ನು ಇನ್ನಷ್ಟು ಕುಂದಿಸಿತ್ತು.

ಗುಜರಿ ಅಂಗಡಿಯಲ್ಲಿ ಹುಡುಕಿ ಮೂಲದ ಫಿಲ್ಟರ್ ಪೆಟ್ಟಿಗೆಯನ್ನು ತಂದು ಕೂರಿಸಿದೆವು. ಆಮೇಲೆ ಏರ್ ಸ್ಕ್ರೂವಿನ ಸರದಿ. ಎಂಜಿನ್ ಬಿಸಿಯಾದ ಮೇಲೆ ಅದನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಕಾಲು ಕಾಲು ಸುತ್ತು ಹೊರಕ್ಕೆ ಬಿಡುತ್ತ ಬಂದರೆ, ಎಂಜಿನ್ ಚೆನ್ನಾಗಿ ಉಸಿರಾಡಿದ್ದು ಅರ್ಧ ಸುತ್ತಿನಲ್ಲಿಯೇ. ಒಂದು ಸುತ್ತಿಗೂ ಕಡಮೆಯಲ್ಲಿ ಸರಿಹೋದರೆ ಪೈಲಟ್ ಜೆಟ್ಟು ಚಿಕ್ಕದಾಯಿತೆಂದು ಅರ್ಥ. 20 ಅಂಕೆಯ ಜೆಟ್ಟನ್ನು ತೆಗೆದು 25ರದನ್ನು ಹಾಕಿದೆವು. ಈ ಸಲ ಒಂದೂವರೆ ಸುತ್ತಿನಲ್ಲಿ ಸ್ವರ ಕೂಡಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಮೇಸ್ತ್ರಿಗಳ ಕಟ್ಟಪ್ಪಣೆ. ಎರಡನ್ನು ಒಟ್ಟಿಗೆ ಮಾಡಿದರೆ ಪುಣ್ಯ ಯಾವುದಕ್ಕೆ ಸಲ್ಲಬೇಕೆಂದು ತಿಳಿಯುವುದಿಲ್ಲವಷ್ಟೆ.

ಉಳಿದದ್ದು ಎಕ್ಸ್‌ಪ್ಯಾನ್ಷನ್ ಚೇಂಬರ್. ಇದನ್ನು ಶಾಸ್ತ್ರೀಯವಾಗಿ ಬೆಳೆಸಿದವನು ಪೂರ್ವ ಜರ್ಮನಿಯ ಎಂಜೆಡ್ ಸಂಸ್ಥೆಯ ವಾಲ್ಟರ್ ಕಾಡೆನ್. ಹೊಗೆಯ ಒತ್ತಡದ ಅಲೆ ಕೊಳವೆಯ ಕೊನೆಯಿಂದ ಹಿಂತಿರುಗಿ, ಸಿಲಿಂಡರಿನಿಂದ ಹೊರಬಿದ್ದ ಹೊಸ ಮಿಶ್ರಣವನ್ನು ಸರಿಯಾದ ಗಳಿಗೆಯಲ್ಲಿ ಒಳಕ್ಕೆ ನೂಕುವಂತೆ ಅವನು ಮಾಡಿದ. 1961ರ ಹೊತ್ತಿಗೆ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದ. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿಯನ್ನು ಸೇರಿ, 1962ರಲ್ಲಿ 50 ಸಿಸಿ ವರ್ಗದ ವಿಶ್ವ ಚಾಂಪಿಯನ್ ಆದ. ಆದರೆ ಅಲೆಯ ಈ ಪ್ರಯಾಣಕ್ಕೆ ಬೇಕಾದ ಕಾಲ ಹೆಚ್ಚು ಕಡಮೆ ನಿಶ್ಚಿತ. ಎಂಜಿನ್ ನಿಧಾನವಾಗಿದ್ದಾಗ ಅದು ಬೇಗನೆ ಬಂದು, ಮುಹೂರ್ತಕ್ಕೆ ಮುಂಚೆ ಬಂದ ಬೀಗರಂತೆ ತೊಂದರೆ ಕೊಡುತ್ತದೆ. ಯಾವ ಜೆಟ್ಟೂ ಇದನ್ನು ಪೂರ್ತಿಯಾಗಿ ತಿದ್ದಲಾರದು. ಅಣ್ಣನ ಪ್ರೀತಿಯ ಕೊಳವೆಯೆಂದು ಅದನ್ನು ಉಳಿಸಿಕೊಂಡೆವು. ಕೆಳಗಿನ ವೇಗದಲ್ಲಿ ಗಾಡಿ ಇಂದಿಗೂ ಶೂರನಲ್ಲ. ಆದರೆ ನಿಟ್ಟುಸಿರಿಲ್ಲ, ಹಿಡಿ ತಿರುವಿದೊಡನೆ ಹೊರಡುತ್ತದೆ.

ದೀಪಾವಳಿಗೆ ಬಂದ ಅಣ್ಣ ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದು, "ಮೇಲೆ ಸ್ವಲ್ಪ ಕಡಮೆ ಆಗಿದೆಯಲ್ಲೋ" ಎಂದು ಗೊಣಗಿದ. ಏರ್ ಫಿಲ್ಟರಿನ ಪೆಟ್ಟಿಗೆ ತೆಗೆದ ಪಾಲನ್ನು ಅವನ ಕಿವಿ ಸರಿಯಾಗಿಯೇ ಹಿಡಿದಿತ್ತು. ನಾನು ಉತ್ತರ ಕೊಡುವ ಮೊದಲೇ ಅಮ್ಮ ಒಳಗಿನಿಂದ, "ಮೇಲಿಂದು ನೀನೇ ಇಟ್ಕೊ, ನನ್ನನ್ನ ರಸ್ತೆ ದಾಟಿಸಿದ್ರೆ ಸಾಕು" ಎಂದಳು. ಮುಂದಿನ ಬುಧವಾರ ಆಸ್ಪತ್ರೆಯ ದಿನ. ಏಳೂಕಾಲಕ್ಕೆ ಹೊರಡುವವರಿದ್ದೇವೆ.